ಗ್ಯಾಸ್ ಬಂದರೂ ಒಲೆ ಆರಲಿಲ್ಲ: ಅಡುಗೆಮನೆಯ ಹೊಗೆಯ ಲೆಕ್ಕ ಯಾರ ಬಳಿ ಇದೆ?

2025ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ರಾಜ್ಯಸಭೆಗೆ ಕೊಟ್ಟ ಲಿಖಿತ ಉತ್ತರವೊಂದು ಅನೇಕರನ್ನು ಗೊಂದಲಕ್ಕೆ ಕೆಡವಿತು. ವಾಯು ಗುಣಮಟ್ಟ ಸೂಚ್ಯಂಕ ಏರುವುದಕ್ಕೂ ಶ್ವಾಸಕೋಶದ ಕಾಯಿಲೆಗಳಿಗೂ ನೇರ ಸಂಬಂಧವಿದೆ ಎಂದು ಖಚಿತಪಡಿಸುವ ದತ್ತಾಂಶ ಇಲ್ಲ ಎಂದು ಅದರಲ್ಲಿ ಹೇಳಲಾಗಿತ್ತು. ಉಸಿರಾಟದ ತೊಂದರೆಗಳನ್ನು ಕೆರಳಿಸುವ ಕಾರಣಗಳಲ್ಲಿ ಮಾಲಿನ್ಯವೂ ಒಂದು ಎಂಬ ಮಾತು ಅದೇ ಉತ್ತರದಲ್ಲಿತ್ತು. ಇನ್ನೊಂದೆಡೆ, ಮನೆಯೊಳಗಿನ ಹೊಗೆಯೊಂದರಿಂದಲೇ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಜನ ಸತ್ತರು, ಅವರಲ್ಲಿ 2.37 ಲಕ್ಷಕ್ಕೂ ಹೆಚ್ಚು ಮಂದಿ ಐದು ವರ್ಷದೊಳಗಿನ ಮಕ್ಕಳು ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸುತ್ತದೆ.

ಯಾವುದು ನಿಜ? ಎರಡೂ ಮಾತು ಒಟ್ಟಿಗೆ ನಿಲ್ಲಲು ಸಾಧ್ಯವೇ? ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯ ಜನರಿಗೆ ಈ ಪ್ರಶ್ನೆ ದೆಹಲಿಯ ಮಂಜಿಗೆ ಸಂಬಂಧಿಸಿದ್ದಲ್ಲ. ರೊಟ್ಟಿ ಬೇಯಿಸುವ ಒಲೆಗೆ, ಬಚ್ಚಲಿನ ಹಂಡೆಗೆ ಸಂಬಂಧಿಸಿದ್ದು.

ಫಲಕ ಅಳೆಯುವುದು ಬೀದಿಯ ಗಾಳಿಯನ್ನು

2019ರ ಜನವರಿಯಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಕರ್ನಾಟಕದ ನಾಲ್ಕು ನಗರಗಳಿವೆ: ಬೆಂಗಳೂರು, ದಾವಣಗೆರೆ, ಕಲಬುರಗಿ ಮತ್ತು ಹುಬ್ಬಳ್ಳಿ-ಧಾರವಾಡ. ಗಾಳಿಯ ಮಾನದಂಡ ಮುಟ್ಟದ ನಗರಗಳೆಂಬ ಕಾರಣಕ್ಕೆ ಇವು ಪಟ್ಟಿ ಸೇರಿದವು. ಅವಳಿನಗರದ ಮುಖ್ಯ ಸಮಸ್ಯೆ ಧೂಳು ಎಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಹಾಗಾಗಿ ಕೆಲಸವೂ ರಸ್ತೆಯ ಕಡೆಗೇ ವಾಲಿತು. ಈ ಕಾರ್ಯಕ್ರಮದಡಿ ದೇಶದಾದ್ಯಂತ ಖರ್ಚಾದ ಹಣದಲ್ಲಿ ಶೇ 64ರಷ್ಟು ರಸ್ತೆ ಧೂಳಿನ ನಿಯಂತ್ರಣಕ್ಕೇ ಹೋಗಿದೆ ಎಂದು ವಿಜ್ಞಾನ ಮತ್ತು ಪರಿಸರ ಕೇಂದ್ರ 2024ರಲ್ಲಿ ಲೆಕ್ಕ ಕೊಟ್ಟಿತು. ಕಟ್ಟಿಗೆ, ಕಸ ಮುಂತಾದವುಗಳ ಸುಡುವಿಕೆ ತಡೆಯಲು ಸಿಕ್ಕಿದ್ದು ಶೇ 15ಕ್ಕಿಂತ ಕಡಿಮೆ.

ಮಾಪಕಗಳು ಇರುವುದು ಹೊರಗೆ. ‘ತೃಪ್ತಿಕರ’ ಎಂದು ವಾಯು ಗುಣಮಟ್ಟದ ಫಲಕದಲ್ಲಿ ಕಂಡ ದಿನವೂ ನವಲಗುಂದ, ರೋಣ ಅಥವಾ ಹಿರೇಕೆರೂರಿನ ಯಾವುದೋ ಅಡುಗೆಮನೆಯಲ್ಲಿ ಗಾಳಿ ಅದರ ಹತ್ತು ಪಟ್ಟು ಕೆಟ್ಟಿರಬಹುದು. ಅದನ್ನು ತಿಳಿಸುವ ಯಂತ್ರ ಅಲ್ಲಿಲ್ಲ. ಮನೆಯೊಳಗಿನ ಗಾಳಿ ಇಷ್ಟಿರಲೇಬೇಕು ಎಂದು ಹೇಳುವ, ಕಾನೂನಿನ ಬಲವುಳ್ಳ ಮಾನದಂಡವೂ ನಮ್ಮಲ್ಲಿಲ್ಲ.

ಹತ್ತು ಪಟ್ಟು ಎಂಬುದು ಬಾಯಿಮಾತಲ್ಲ. ತಮಿಳುನಾಡು, ಮಧ್ಯಪ್ರದೇಶ, ಪಶ್ಚಿಮ ಬಂಗಾಳ ಮತ್ತು ಉತ್ತರಾಖಂಡದ ಹಳ್ಳಿಮನೆಗಳಲ್ಲಿ ನಡೆದ, 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ಕಟ್ಟಿಗೆ-ಕುಳ್ಳು ಬಳಸುವ ಅಡುಗೆಮನೆಗಳಲ್ಲಿ ಸೂಕ್ಷ್ಮ ಕಣಗಳ 24 ಗಂಟೆಯ ಸರಾಸರಿ ಪ್ರತಿ ಘನ ಮೀಟರಿಗೆ 609 ಮೈಕ್ರೋಗ್ರಾಂ ಎಂದು ಕಂಡುಕೊಂಡಿತು. ಜನ ಕೂತು ಮಲಗುವ ಕೋಣೆಯಲ್ಲೂ ಅದು 163 ಇತ್ತು. ಹೊರಗಿನ ಗಾಳಿಗೆ ಭಾರತ ವಿಧಿಸಿರುವ ದಿನದ ಮಿತಿ 60. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಇನ್ನೂ ಬಿಗಿ, 15.

ಹೊಗೆ ದೇಹದೊಳಗೆ ಮಾಡುವುದೇನು?

ಕಟ್ಟಿಗೆ ಪೂರ್ತಿ ಉರಿದರೆ ಉಳಿಯುವುದು ಬಹುಪಾಲು ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ. ಮನೆಯ ಒಲೆಯಲ್ಲಿ ಅದು ಪೂರ್ತಿ ಉರಿಯುವುದೇ ಇಲ್ಲ. ಗಾಳಿ ಸಾಲದು, ಕಟ್ಟಿಗೆ ಹಸಿ, ಉರಿ ಒಮ್ಮೆ ಏರಿ ಒಮ್ಮೆ ಇಳಿಯುತ್ತದೆ. ಅರೆ ಉರಿದದ್ದೆಲ್ಲ ಹೊಗೆಯಾಗಿ ಏಳುತ್ತದೆ: ಮಸಿಯ ಸೂಕ್ಷ್ಮ ಕಣಗಳು, ಕಾರ್ಬನ್ ಮೊನಾಕ್ಸೈಡ್, ಬೆಂಜೀನ್, ಫಾರ್ಮಾಲ್ಡಿಹೈಡ್. ಎರಡೂವರೆ ಮೈಕ್ರಾನ್‌ಗಿಂತ ಸಣ್ಣ ಕಣಗಳನ್ನು ಮೂಗಿನ ಕೂದಲಾಗಲಿ ಗಂಟಲಿನ ಲೋಳೆಯಾಗಲಿ ಪೂರ್ತಿ ತಡೆಯಲಾರವು. ಅವು ಶ್ವಾಸಕೋಶದ ಕೊನೆಯ ಗಾಳಿಚೀಲದವರೆಗೆ ಇಳಿಯುತ್ತವೆ, ಅಲ್ಲಿ ಉರಿಯೂತ ಎಬ್ಬಿಸುತ್ತವೆ. ವರ್ಷಗಟ್ಟಲೆ ನಡೆಯುವ ಈ ಉರಿಯೂತ ಉಸಿರುನಾಳಗಳನ್ನು ಕಿರಿದಾಗಿಸುತ್ತದೆ, ರಕ್ತನಾಳಗಳನ್ನು ಗಡಸು ಮಾಡುತ್ತದೆ.

ಆದ್ದರಿಂದಲೇ ಹೊಗೆಯ ಸಾವುಗಳಲ್ಲಿ ಹೆಚ್ಚಿನವು ನೋಡಲು ಹೊಗೆಯ ಸಾವುಗಳಂತೆ ಇರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಮನೆಹೊಗೆಯ ಸಾವುಗಳ ಪೈಕಿ ಶೇ 32 ಹೃದಯದ ರಕ್ತನಾಳದ ಕಾಯಿಲೆ, ಶೇ 23 ಪಾರ್ಶ್ವವಾಯು, ಶೇ 21 ನ್ಯುಮೋನಿಯಾದಂಥ ಸೋಂಕು, ಶೇ 19 ಸಿಒಪಿಡಿ (ಉಸಿರುನಾಳ ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಕಾಯಿಲೆ), ಶೇ 6 ಶ್ವಾಸಕೋಶದ ಕ್ಯಾನ್ಸರ್. ಅರ್ಧಕ್ಕಿಂತ ಹೆಚ್ಚು ಸಾವು ಎದೆಯ ರಕ್ತನಾಳ ಮತ್ತು ಮಿದುಳಿನದು. ಇದರ ಜೊತೆಗೆ ಕಣ್ಣಿನ ಪೊರೆ, ಕಡಿಮೆ ತೂಕದ ಹೆರಿಗೆ.

ಸಿಒಪಿಡಿ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮ ಕಡೆ ಇದನ್ನು ‘ದಮ್ಮು’ ಎಂದು ಒಂದೇ ಹೆಸರಿನಲ್ಲಿ ಕರೆದು ಸುಮ್ಮನಾಗುತ್ತೇವೆ. ಬೀಡಿ ಸೇದುವ ಗಂಡಸಿಗೆ ಇದು ಬಂದರೆ ಕಾರಣ ಎಲ್ಲರಿಗೂ ಗೊತ್ತು. ಬೀಡಿಯನ್ನು ಕೈಯಲ್ಲೂ ಮುಟ್ಟದ ಐವತ್ತೈದರ ಹೆಣ್ಣುಮಗಳಿಗೆ ಬಂದರೆ ವಯಸ್ಸಿನ ಮೇಲೆ, ಥಂಡಿಯ ಮೇಲೆ ಹಾಕುತ್ತೇವೆ. ಮೂವತ್ತು-ನಲವತ್ತು ವರ್ಷ ಅವಳು ಒಲೆಯ ಮುಂದೆ ಬಗ್ಗಿ ಕೂತು ಊದುಗೊಳವೆ ಊದಿದ್ದನ್ನು ಯಾರೂ ಕೇಳುವುದಿಲ್ಲ, ಆಸ್ಪತ್ರೆಯ ಚೀಟಿಯಲ್ಲಿ ಅದಕ್ಕೊಂದು ಜಾಗವೂ ಇರುವುದಿಲ್ಲ.

‘ಖಚಿತ ದತ್ತಾಂಶ ಇಲ್ಲ’ ಎಂದರೆ ಏನರ್ಥ?

ಸರ್ಕಾರದ ಮಾತಿನಲ್ಲಿ ಒಂದು ತಾಂತ್ರಿಕ ಸತ್ಯವಿದೆ. ಯಾವ ಮರಣ ಪ್ರಮಾಣಪತ್ರದಲ್ಲೂ ‘ಹೊಗೆ’ ಎಂದು ಬರೆಯುವುದಿಲ್ಲ. ಇಂಥ ಹೆಸರಿನ ಇಂಥ ವ್ಯಕ್ತಿ ಒಲೆಯಿಂದಲೇ ಸತ್ತಳು ಎಂದು ಯಾವ ವೈದ್ಯರೂ ಹೇಳಲಾರರು. ಅದೇ ಮನುಷ್ಯಳಿಗೆ ರಕ್ತದೊತ್ತಡ ಇರಬಹುದು, ರಕ್ತಹೀನತೆ ಇರಬಹುದು, ಬಾಲ್ಯದಲ್ಲಿ ಕ್ಷಯ ಬಂದಿರಬಹುದು.

ತಜ್ಞರು ಕೊಡುವ ಸಂಖ್ಯೆ ಬೇರೆ ಬಗೆಯದು. ಹೊಗೆಯಲ್ಲಿ ಬದುಕುವ ಮತ್ತು ಬದುಕದ ದೊಡ್ಡ ಸಮೂಹಗಳನ್ನು ಹೋಲಿಸಿ, ಹೊಗೆ ಇಲ್ಲದಿದ್ದರೆ ಎಷ್ಟು ಸಾವು ಕಡಿಮೆಯಾಗುತ್ತಿತ್ತು ಎಂದು ಅವರು ಲೆಕ್ಕ ಹಾಕುತ್ತಾರೆ. ಭಾರತದಲ್ಲಿ 2019ರಲ್ಲಿ ವಾಯುಮಾಲಿನ್ಯದಿಂದ 16.7 ಲಕ್ಷ ಸಾವು, ಅದರಲ್ಲಿ ಮನೆಯ ಹೊಗೆಯ ಪಾಲು 6.1 ಲಕ್ಷ ಎಂಬ ಅಂದಾಜು ಬಂದಿದ್ದು ಈ ದಾರಿಯಿಂದ. ತಂಬಾಕಿನ ಸಾವುಗಳನ್ನು ಎಣಿಸುವುದೂ ಹೀಗೆಯೇ; ಅದನ್ನು ಒಪ್ಪಿ ಪ್ಯಾಕೆಟ್ಟಿನ ಮೇಲೆ ಎಚ್ಚರಿಕೆ ಮುದ್ರಿಸುವ ಸರ್ಕಾರ ಹೊಗೆಯ ವಿಷಯದಲ್ಲಿ ಮಾತ್ರ ಒಬ್ಬೊಬ್ಬರ ಪುರಾವೆ ಕೇಳುವುದು ಸರಿಯಲ್ಲ. ಸಂಖ್ಯೆಯಲ್ಲಿ ಹೆಚ್ಚುಕಡಿಮೆ ಇರಬಹುದು. ದಿಕ್ಕಿನಲ್ಲಿ ಅನುಮಾನವಿಲ್ಲ.

ಈ ಅಂದಾಜು ಕೊಟ್ಟ ಅಧ್ಯಯನದ ಇನ್ನೊಂದು ಸಂಗತಿ ಸರ್ಕಾರದ ಪರವಾಗಿಯೇ ಇದೆ: 1990ರಿಂದ 2019ರ ನಡುವೆ ಮನೆಹೊಗೆಯ ಸಾವಿನ ದರ ದೇಶದಲ್ಲಿ ಶೇ 64ರಷ್ಟು ಇಳಿದಿದೆ. ಗ್ಯಾಸ್ ಹಳ್ಳಿ ತಲುಪಿದ್ದು ಇದಕ್ಕೆ ದೊಡ್ಡ ಕಾರಣ. ಹೊಗೆ ಕೊಲ್ಲುತ್ತದೆ ಎಂದು ಒಪ್ಪಿಕೊಂಡರೆ ಮಾತ್ರ ಈ ಸಾಧನೆಯನ್ನು ಸಾಧನೆ ಎನ್ನಲು ಬರುತ್ತದೆ.

ಗ್ಯಾಸ್ ಕೊಟ್ಟರೂ ಮಗುವಿನ ತೂಕ ಏರಲಿಲ್ಲವೇಕೆ?

ಗೊಂದಲ ಇಲ್ಲಿಗೆ ಮುಗಿಯುವುದಿಲ್ಲ. ಭಾರತ (ತಮಿಳುನಾಡು), ಗ್ವಾಟೆಮಾಲಾ, ಪೆರು ಮತ್ತು ರುವಾಂಡಾಗಳಲ್ಲಿ ಸುಮಾರು 3,200 ಗರ್ಭಿಣಿಯರನ್ನು ಒಳಗೊಂಡ ದೊಡ್ಡ ಪ್ರಯೋಗವೊಂದು ನಡೆಯಿತು. ಅರ್ಧ ಜನರಿಗೆ ಒಲೆ, ಸಿಲಿಂಡರ್ ಎರಡನ್ನೂ 18 ತಿಂಗಳು ಉಚಿತವಾಗಿ ಕೊಟ್ಟರು. ಅವರು ಬಹುತೇಕ ಗ್ಯಾಸನ್ನೇ ಬಳಸಿದರು. ಗ್ಯಾಸ್ ಸಿಗದ ಉಳಿದರ್ಧ ಜನ ಉಸಿರಾಡುವ ಗಾಳಿಯಲ್ಲಿ ಸೂಕ್ಷ್ಮ ಕಣ ಸುಮಾರು 71 ಮೈಕ್ರೋಗ್ರಾಂ ಇದ್ದರೆ, ಇವರ ಗಾಳಿಯಲ್ಲಿ 24 ಮಾತ್ರ ಇತ್ತು. ಆದರೆ 2022ರಲ್ಲಿ ಫಲಿತಾಂಶ ಬಂದಾಗ, ಹುಟ್ಟಿದ ಮಕ್ಕಳ ತೂಕದಲ್ಲಿ ಎದ್ದು ಕಾಣುವ ವ್ಯತ್ಯಾಸ ಇರಲಿಲ್ಲ. 2024ರಲ್ಲಿ ಬಂದ ಮುಂದಿನ ಫಲಿತಾಂಶದಲ್ಲಿ ಶಿಶುಗಳ ತೀವ್ರ ನ್ಯುಮೋನಿಯಾವೂ ಇಳಿದಿರಲಿಲ್ಲ.

ಈ ಫಲಿತಾಂಶವನ್ನು ಎತ್ತಿ ಹಿಡಿದು ‘ಗ್ಯಾಸಿನಿಂದ ಪ್ರಯೋಜನವಿಲ್ಲ’ ಎನ್ನುವವರಿದ್ದಾರೆ. ಅದನ್ನು ಮುಚ್ಚಿಟ್ಟು ಮಾತನಾಡುವವರೂ ಇದ್ದಾರೆ. ಎರಡೂ ತಪ್ಪು. ಗ್ಯಾಸ್ ಕೈಗೆ ಬಂದಾಗ ಆ ತಾಯಂದಿರಿಗೆ ಎರಡು ತಿಂಗಳಿಂದ ಐದು ತಿಂಗಳು ತುಂಬುತ್ತಿತ್ತು. ಆರಂಭದ ಮುಖ್ಯ ವಾರಗಳು ಹೊಗೆಯಲ್ಲೇ ಕಳೆದಿದ್ದವು. ಮಗುವಿನ ತೂಕ ತಾಯಿಯ ಊಟ, ರಕ್ತಹೀನತೆಗಳನ್ನೂ ಅವಲಂಬಿಸಿದೆ. ಇನ್ನು ದಮ್ಮು, ಹೃದ್ರೋಗ, ಕಣ್ಣಿನ ಪೊರೆಗಳು ದಶಕಗಳಲ್ಲಿ ಬೆಳೆಯುವಂಥವು. ಹದಿನೆಂಟು ತಿಂಗಳ ಪ್ರಯೋಗ ಅವುಗಳ ಬಗ್ಗೆ ತೀರ್ಪು ಕೊಡಲಾರದು.

ಇನ್ನೂ ಮುಖ್ಯವಾದದ್ದು ಅಪಾಯದ ರೇಖೆಯ ಆಕಾರ. ಹೃದ್ರೋಗ, ಪಾರ್ಶ್ವವಾಯುಗಳಂಥ ಕಾಯಿಲೆಗಳಲ್ಲಿ ಹೊಗೆ ಸ್ವಲ್ಪ ಏರಿದರೂ ಅಪಾಯ ಸರ್ರನೆ ಏರುತ್ತದೆ. ಹೊಗೆ ಬಹಳ ಹೆಚ್ಚಿದ ಮೇಲೆ ಅಪಾಯ ಏರುವ ವೇಗ ತಗ್ಗುತ್ತದೆ. ಇದನ್ನು ಹಿಂದುಮುಂದಾಗಿ ಓದಿಕೊಂಡರೆ ನೀತಿಗೆ ಬೇಕಾದ ಪಾಠ ಸಿಗುತ್ತದೆ. 600 ಇದ್ದ ಹೊಗೆಯನ್ನು 300ಕ್ಕೆ ಇಳಿಸಿದರೆ ಕಣ್ಣುರಿ ಕಡಿಮೆಯಾಗುತ್ತದೆ, ಆಯುಷ್ಯಕ್ಕೆ ಸಿಗುವ ಲಾಭ ಅಲ್ಪ. ದೊಡ್ಡ ಲಾಭ ಇರುವುದು ಕೊನೆಯ ಹಂತದಲ್ಲಿ, ಅಂದರೆ ಒಲೆ ಪೂರ್ತಿ ಆರಿದಾಗ. ಅರ್ಧ ಗ್ಯಾಸ್, ಅರ್ಧ ಕಟ್ಟಿಗೆ ಎಂಬ ಸ್ಥಿತಿಯಲ್ಲಿ ಸರ್ಕಾರದ ಹಣ ಖರ್ಚಾಗಿರುತ್ತದೆ, ಹೆಣ್ಣುಮಕ್ಕಳ ಎದೆ ಮಾತ್ರ ಹಾಗೇ ಇರುತ್ತದೆ. ನಮ್ಮ ಮೂರು ಜಿಲ್ಲೆಗಳ ಅನೇಕ ಮನೆಗಳು ನಿಂತಿರುವುದು ಇದೇ ಸ್ಥಿತಿಯಲ್ಲಿ.

ರೊಟ್ಟಿಯ ಒಲೆ, ಬಚ್ಚಲಿನ ಒಲೆ

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2019–21ರ ಹೊತ್ತಿಗೆ ಕರ್ನಾಟಕದ ಸುಮಾರು ಶೇ 80 ಮನೆಗಳು ಸ್ವಚ್ಛ ಇಂಧನದಲ್ಲಿ ಅಡುಗೆ ಮಾಡುತ್ತಿದ್ದವು; ಅದಕ್ಕೂ ಹಿಂದಿನ ಸಮೀಕ್ಷೆಯಲ್ಲಿ ಇದು ಸುಮಾರು ಶೇ 55 ಇತ್ತು. ಇದು ದೊಡ್ಡ ಜಿಗಿತವೇ. ಆದರೆ ಸಮೀಕ್ಷೆ ಕೇಳುವುದು ‘ಮುಖ್ಯವಾಗಿ’ ಯಾವ ಇಂಧನ ಬಳಸುತ್ತೀರಿ ಎಂದು. ಚಹಾ, ಅನ್ನ, ಸಾರು ಗ್ಯಾಸಿನ ಮೇಲೆ ಆದರೆ ಉತ್ತರ ‘ಗ್ಯಾಸ್’. ಎರಡನೆಯ ಒಲೆ ಆ ಉತ್ತರದಲ್ಲಿ ಮರೆಯಾಗುತ್ತದೆ.

ಎರಡನೆಯ ಒಲೆ ಏಕೆ ಉಳಿಯುತ್ತದೆ ಎಂಬುದನ್ನು ಜೋಳದ ರೊಟ್ಟಿಯೇ ಹೇಳುತ್ತದೆ. ಬಿಸಿನೀರಿನಲ್ಲಿ ಕಲಸಿದ ಹಿಟ್ಟನ್ನು ನಾದಿ, ಅಗಲಕ್ಕೆ ಬಡಿದು, ಕಾದ ಹಂಚಿಗೆ ಹಾಕಿ, ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರುತ್ತಾರೆ. ನೀರು ಆರುತ್ತಿದ್ದಂತೆ ಮಗುಚಬೇಕು. ಹಂಚು ಒಂದೇ ಸಮ ಬಿಸಿಯಾಗಿರಬೇಕು, ಉರಿ ಹಂಚಿನ ಅಂಚಿನವರೆಗೆ ಹರಡಬೇಕು. ಗ್ಯಾಸ್ ಬರ್ನರ್ ನಡುವನ್ನು ಸುಟ್ಟು ಅಂಚನ್ನು ಹಸಿ ಬಿಡುತ್ತದೆ. ಕೊನೆಗೆ ರೊಟ್ಟಿಯನ್ನು ಒಲೆಯ ಬಾಯಿಯ ಕೆಂಡಕ್ಕೆ ಆನಿಸಿ ನಿಲ್ಲಿಸಿದರೆ ಅದು ಉಬ್ಬುತ್ತದೆ. ಕಡಕ್ ರೊಟ್ಟಿಯಾದರೆ ಅಲ್ಲೇ ಒಣಗಿ ಗರಿಯಾಗುತ್ತದೆ. ಆರೇಳು ಜನರ ಮನೆಗೆ ದಿನಕ್ಕೆ ಇಪ್ಪತ್ತೈದು-ಮೂವತ್ತು ರೊಟ್ಟಿ ಬೇಕು. ಅಷ್ಟೂ ಹೊತ್ತು ಬಡಿಯುವವಳ ಮುಖ ಒಲೆಯಿಂದ ಒಂದು ಮೊಳ ದೂರದಲ್ಲಿ ಇರುತ್ತದೆ. ಗ್ಯಾಸಿನಲ್ಲಿ ಅಷ್ಟು ರೊಟ್ಟಿ ಮಾಡಿದರೆ ಸಿಲಿಂಡರ್ ತಿಂಗಳು ಬಾರದು ಎಂಬ ಲೆಕ್ಕ ಅವಳಿಗೆ ಚೆನ್ನಾಗಿ ಗೊತ್ತು.

ಉರಿಸುವ ಸರಕೂ ಮುಖ್ಯ. ಹಾವೇರಿ ಜಿಲ್ಲೆಯಲ್ಲಿ ಗೋವಿನಜೋಳದ ಕಾಳು ಬಿಡಿಸಿ ಉಳಿದ ಬೆಂಡು ರಾಶಿಗಟ್ಟಲೆ ಸಿಗುತ್ತದೆ. ಗದಗ, ಧಾರವಾಡಗಳ ಎರೆ ಸೀಮೆಯಲ್ಲಿ ಮರ ಕಡಿಮೆ; ಉರಿಸುವುದು ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ, ಜಾಲಿ, ಕುಳ್ಳು. ಇವೆಲ್ಲ ಹೊಲದಿಂದ ಪುಕ್ಕಟೆ ಬರುವಂಥವು. ತೆಳ್ಳಗಿನ ಕಡ್ಡಿ ಬೇಗ ಉರಿದು ಹೋಗುವುದರಿಂದ ಒಲೆಯ ಮುಂದಿನಿಂದ ಏಳುವಂತಿಲ್ಲ, ಒಂದೇ ಸಮ ತುಂಬುತ್ತಿರಬೇಕು. ಕುಳ್ಳು ಕಟ್ಟಿಗೆಗಿಂತಲೂ ಹೆಚ್ಚು ಹೊಗೆ ಬಿಡುತ್ತದೆ. ಮಳೆಗಾಲದಲ್ಲಿ ಹಾನಗಲ್, ಕಲಘಟಗಿ ಕಡೆ ಇರುವುದೆಲ್ಲ ತೇವ ಹಿಡಿದಿರುತ್ತದೆ, ಬಾಗಿಲು ಕಿಟಕಿ ಮುಚ್ಚಿರುತ್ತವೆ. ಅಲ್ಲಿ ಹೊಗೆಯ ಋತು ಬೇಸಿಗೆಯಲ್ಲ, ಆಷಾಢ-ಶ್ರಾವಣ.

ರೊಟ್ಟಿಗಿಂತ ಹೆಚ್ಚು ಮರೆತುಹೋಗಿರುವುದು ಬಚ್ಚಲು. ಬೆಳಗಿನ ಜಾವ ಹಂಡೆಯ ಕೆಳಗೆ ಹಚ್ಚಿದ ಬೆಂಕಿ ಮನೆಮಂದಿಯ ಸ್ನಾನ ಮುಗಿಯುವವರೆಗೆ ಉರಿಯುತ್ತದೆ. ಗ್ಯಾಸಿನಲ್ಲಿ ಹಂಡೆ ನೀರು ಕಾಯಿಸುವವರು ಯಾರೂ ಇಲ್ಲ. ಹೀಗಾಗಿ ಅಡುಗೆ ಪೂರ್ತಿ ಗ್ಯಾಸಿಗೆ ಹೋದ ಮನೆಗಳಲ್ಲೂ ಈ ಬೆಂಕಿ ಉಳಿದಿದೆ. ಬಚ್ಚಲು ಅಡುಗೆಮನೆಗೆ ಅಂಟಿಕೊಂಡೇ ಇರುವ ಹಳೆಯ ಮಾಳಿಗೆ ಮನೆಗಳಲ್ಲಿ ಹೊಗೆ ಪಡಸಾಲೆಗೆ ನುಗ್ಗಿ, ಬೆಳಕಿಂಡಿಯ ಒಂದೇ ತೂತಿನಿಂದ ಹೊರಹೋಗಬೇಕು. ಮಲಗಿದ ಮಕ್ಕಳೂ ಮುದುಕರೂ ಅದೇ ಗಾಳಿಯನ್ನು ಸೇವಿಸುತ್ತಾರೆ. ಬಡ ಮನೆಗಳಿಗೆ ಗ್ಯಾಸ್ ಕೊಡುವ ಕೇಂದ್ರದ ಉಜ್ವಲ ಯೋಜನೆ ಅಡುಗೆಯ ಇಂಧನದ್ದು; ಬಿಸಿನೀರಿನ ಹೊಗೆಗೆ ಅದರಲ್ಲಿ ಜಾಗವಿಲ್ಲ.

ಸಂಪರ್ಕ ಎಣಿಸಿದರೆ ಸಾಲದು

ಉಜ್ವಲ ಯೋಜನೆ 2016ರ ಮೇ 1ರಂದು ಶುರುವಾಯಿತು. ಇಂದು ಹತ್ತು ಕೋಟಿಗೂ ಹೆಚ್ಚು ಸಂಪರ್ಕಗಳಿವೆ. ಯೋಜನೆಯ ಪರ ಇರುವವರು ಮರುಭರ್ತಿ ಏರುತ್ತಿರುವುದನ್ನು ತೋರಿಸುತ್ತಾರೆ. 2024–25ರಲ್ಲಿ ಫಲಾನುಭವಿಯೊಬ್ಬರು ಸರಾಸರಿ 4.47 ಸಿಲಿಂಡರ್ ತುಂಬಿಸಿಕೊಂಡಿದ್ದಾರೆ. ಏರಿಕೆ ನಿಜ. ಆದರೆ ಐದಾರು ಜನರ ಕುಟುಂಬ ಕಟ್ಟಿಗೆ ಮುಟ್ಟದೆ ಬದುಕಲು ವರ್ಷಕ್ಕೆ ಎಂಟು-ಹತ್ತು ಸಿಲಿಂಡರ್ ಬೇಕು. ಅಂದರೆ ಅರ್ಧ ದಾರಿ.

ಗದಗಿಗೆ ಹೊಂದಿಕೊಂಡ ಕೊಪ್ಪಳ ಜಿಲ್ಲೆಯ ಸಿಲಿಂಡರ್ ಮಾರಾಟದ ದಾಖಲೆಗಳನ್ನೇ ಇಟ್ಟುಕೊಂಡು ಮಾಡಿದ ಅಧ್ಯಯನವೊಂದು 2019ರಲ್ಲಿ ಬಂದಿತು. ಉಜ್ವಲ ಫಲಾನುಭವಿಗಳಲ್ಲಿ ಶೇ 35 ಮಂದಿ ಮೊದಲ ವರ್ಷ ಒಂದೂ ಸಿಲಿಂಡರ್ ತುಂಬಿಸಿರಲಿಲ್ಲ. ನಾಲ್ಕು ಅಥವಾ ಹೆಚ್ಚು ತುಂಬಿಸಿದವರು ಕೇವಲ ಶೇ 7. ಆ ಬಳಿಕ ಪರಿಸ್ಥಿತಿ ಸುಧಾರಿಸಿದೆ. ಆದರೆ ಅಧ್ಯಯನ ಗುರುತಿಸಿದ ಇನ್ನೊಂದು ಸಂಗತಿ ನಮ್ಮ ಒಣಬೇಸಾಯದ ಸೀಮೆಗೆ ಇಂದಿಗೂ ಅನ್ವಯಿಸುತ್ತದೆ: ಹೊಲದ ಕೆಲಸವಿಲ್ಲದ ಬೇಸಿಗೆಯಲ್ಲಿ ಗ್ಯಾಸ್ ಖರೀದಿ ಇಳಿಯುತ್ತದೆ. ಕೂಲಿ ಇಲ್ಲದ್ದರಿಂದ ಕೈಯಲ್ಲಿ ಹಣವಿಲ್ಲ, ಕಟ್ಟಿಗೆ ತರಲು ಹೊತ್ತು ಮಾತ್ರ ಇದೆ.

2025–26ರಲ್ಲಿ ಉಜ್ವಲದ ಸಬ್ಸಿಡಿ ಸಿಲಿಂಡರೊಂದಕ್ಕೆ 300 ರೂಪಾಯಿ ಇತ್ತು. ವರ್ಷಕ್ಕೆ ಒಂಬತ್ತು ಸಿಲಿಂಡರ್ ಮಿತಿ. ಆದರೆ ಅದು ಖಾತೆಗೆ ಬರುವುದು ಆಮೇಲೆ. ಬಾಗಿಲಿಗೆ ಬಂದ ಸಿಲಿಂಡರಿಗೆ ಪೂರ್ತಿ ಹಣ ಒಮ್ಮೆಗೇ ಎಣಿಸಬೇಕು. ದಿನಗೂಲಿಯ ಮನೆಗೆ ತೊಡಕು ಇರುವುದು ಬೆಲೆಯಲ್ಲಷ್ಟೇ ಅಲ್ಲ, ಈ ಒಂದೇ ಕಂತಿನಲ್ಲೂ. ಮಾರ್ಚ್‌ನಿಂದ ಮೇವರೆಗೆ ಮುಂಗಡವಾಗಿಯೇ ಸಬ್ಸಿಡಿ ಕಳೆದು ಸಿಲಿಂಡರ್ ಕೊಟ್ಟರೆ, ಅಥವಾ ಐದು ಕೆ.ಜಿ. ಸಿಲಿಂಡರ್ ಹಳ್ಳಿಯ ಅಂಗಡಿಯಲ್ಲೇ ಸಿಗುವಂತೆ ಮಾಡಿದರೆ, ಹೊಸ ಸಂಪರ್ಕಕ್ಕಿಂತ ಹೆಚ್ಚು ಹೊಗೆ ಇಳಿಯುತ್ತದೆ ಎಂಬುದು ನನ್ನ ಅಭಿಪ್ರಾಯ.

ಗೃಹಜ್ಯೋತಿಯೊಳಗಿನ ಒಂದು ತೊಡಕು

ಕರೆಂಟ್ ಒಲೆ ಏಕಾಗಬಾರದು ಎಂಬ ಪ್ರಶ್ನೆ ಸಹಜ. ರಾಜ್ಯ ಸರ್ಕಾರದ ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್‌ವರೆಗೆ ಉಚಿತ ಎಂಬ ಮಾತು ಮನೆಮನೆಗೂ ಗೊತ್ತು. ಆದರೆ ಉಚಿತ ಸಿಗುವುದು ಎಲ್ಲರಿಗೂ 200 ಯೂನಿಟ್ ಅಲ್ಲ. ಆ ಮನೆಯ ಹಿಂದಿನ ಸರಾಸರಿ ಬಳಕೆ ಮತ್ತು ಅದರ ಶೇ 10. ತಿಂಗಳಿಗೆ 48 ಯೂನಿಟ್‌ಗಿಂತ ಕಡಿಮೆ ಬಳಸುವವರಿಗೆ 2024ರಲ್ಲಿ ಶೇ 10ರ ಬದಲು ಹತ್ತು ಯೂನಿಟ್ ಹೆಚ್ಚುವರಿ ಕೊಟ್ಟರು. ಎರಡು ಸಾವಿರ ವ್ಯಾಟ್‌ನ ಇಂಡಕ್ಷನ್ ಒಲೆ ಪೂರ್ಣ ಉರಿಯಲ್ಲಿ ಗಂಟೆಗೆ ಎರಡು ಯೂನಿಟ್ ತಿನ್ನುತ್ತದೆ. ದಿನಕ್ಕೆ ಒಂದೂವರೆ ಯೂನಿಟ್ ಎಂದು ಹಿಡಿದರೂ ತಿಂಗಳಿಗೆ 45. ಐವತ್ತು ಯೂನಿಟ್ ಬಳಸುತ್ತಿದ್ದ ಮನೆ ತೊಂಬತ್ತೈದಕ್ಕೆ ಏರಿದರೆ ಹೆಚ್ಚುವರಿಯ ಬಹುಪಾಲಿಗೆ ಬಿಲ್ ಕಟ್ಟಬೇಕು. ಹಿಂದಿನಿಂದಲೂ 170 ಯೂನಿಟ್ ಬಳಸುವ ಸ್ಥಿತಿವಂತ ಮನೆಗೆ ಅದೆಲ್ಲ ಉಚಿತ. ಹೊಗೆ ಬಿಡಲು ಹೊರಟ ಬಡ ಮನೆಗೆ ಯೋಜನೆಯ ನಿಯಮವೇ ಅಡ್ಡ ನಿಲ್ಲುತ್ತದೆ. ಉಜ್ವಲ ಪಟ್ಟಿಯ ಮನೆಗಳಿಗೆ ಅಡುಗೆ ಮತ್ತು ಬಿಸಿನೀರಿಗೆಂದು ಐವತ್ತು ಯೂನಿಟ್ ಪ್ರತ್ಯೇಕ ಸೇರಿಸುವುದು ರಾಜ್ಯ ಸರ್ಕಾರದ ಕೈಯಲ್ಲೇ ಇರುವ ಪರಿಹಾರ. ಹಳ್ಳಿಗಳಲ್ಲಿ ಬೆಳಗಿನ ಹೊತ್ತು ಕರೆಂಟ್ ನಿಲ್ಲುತ್ತದೆಯೇ ಎಂಬುದನ್ನು ಹೆಸ್ಕಾಂ ಉತ್ತರಿಸಬೇಕು. ರೊಟ್ಟಿಯ ಹೊತ್ತಿಗೆ ಕರೆಂಟ್ ಹೋದರೆ ಕಟ್ಟಿಗೆ ಒಲೆ ಮತ್ತೆ ಹೊತ್ತುತ್ತದೆ.

ಹೊಗೆಗೊಳವೆಯ ಒಲೆ ಇನ್ನೊಂದು ದಾರಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಕೇಂದ್ರ ರೂಪಿಸಿದ ಅಸ್ತ್ರ ಒಲೆ ಒಂದು ಕಾಲಕ್ಕೆ ರಾಜ್ಯದ ಹಳ್ಳಿಗಳಲ್ಲೆಲ್ಲ ಪ್ರಸಿದ್ಧವಾಗಿತ್ತು. ಕಟ್ಟಿಗೆ ಉಳಿಯುತ್ತಿತ್ತು, ಹೊಗೆ ಮನೆಯಿಂದ ಹೊರಗೆ ಹೋಗುತ್ತಿತ್ತು. ಆದರೆ ಕೊಳವೆಯಲ್ಲಿ ಮಸಿ ಕಟ್ಟಿದರೆ ಹೊಗೆ ಒಳಗೇ ತಿರುಗುತ್ತದೆ, ಬಿರುಕು ಬಿಟ್ಟರೆ ತಿದ್ದುವವರು ಬೇಕು. ಒಡಿಶಾದಲ್ಲಿ ಇಂಥ ಒಲೆಗಳ ಮೇಲೆ ನಡೆದ ಅಧ್ಯಯನದಲ್ಲಿ ಮೊದಲ ವರ್ಷ ಇಳಿದ ಹೊಗೆ ನಂತರ ಮೊದಲಿನಂತೆಯೇ ಆಯಿತು. ಹಂಡೆಯ ಒಲೆಗೆ ಮಾತ್ರ ಕೊಳವೆ ಇಂದಿಗೂ ಸರಿಯಾದ ಉಪಾಯ, ಏಕೆಂದರೆ ಅಲ್ಲಿ ಗ್ಯಾಸ್ ಬರುವ ಲಕ್ಷಣವಿಲ್ಲ.

ಪಟ್ಟಣದ ಮನೆಗಳು

ಗ್ಯಾಸ್ ಒಲೆಯಿಂದಲೂ ಅಸ್ತಮಾ ಬರುತ್ತದೆ ಎಂಬ ವಿಡಿಯೊಗಳು ಈಚೆಗೆ ಓಡಾಡುತ್ತಿವೆ. ಅದು ಅಮೆರಿಕದಲ್ಲಿ 2023ರಿಂದ ಜೋರಾದ ಚರ್ಚೆ. ಗ್ಯಾಸ್ ಉರಿದಾಗ ನೈಟ್ರೋಜನ್ ಡೈಆಕ್ಸೈಡ್ ಹುಟ್ಟುವುದು ನಿಜ, ಕಿಟಕಿ ತೆರೆದಿಡಬೇಕು ಎಂಬುದೂ ನಿಜ. ಕಟ್ಟಿಗೆಯಿಂದ ಗ್ಯಾಸಿಗೆ ಬರಲು ಹಿಂಜರಿಯುವ ಕಾರಣ ಅದಾಗಬಾರದು. ಎರಡರ ಹೊಗೆಗೆ ಹೋಲಿಕೆಯೇ ಇಲ್ಲ. ಮುಚ್ಚಿದ ಕೋಣೆಯಲ್ಲಿ ರಾತ್ರಿಯಿಡೀ ಉರಿಯುವ ಸೊಳ್ಳೆಬತ್ತಿಯ ಬಗ್ಗೆ ಹೆಚ್ಚು ಚಿಂತಿಸಬೇಕು: ಒಂದು ಬತ್ತಿ ಬಿಡುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟಿನಷ್ಟು ಎಂದು 2003ರ ಅಧ್ಯಯನವೊಂದು ಅಳೆದಿದೆ.

ತಕ್ಷಣ ಜೀವ ತೆಗೆಯುವುದು ಕಾರ್ಬನ್ ಮೊನಾಕ್ಸೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೊಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅದನ್ನು ಹಿಡಿದುಕೊಳ್ಳುತ್ತದೆ. ಕಿಟಕಿಯಿಲ್ಲದ ಬಚ್ಚಲಲ್ಲಿ ಗ್ಯಾಸ್ ಗೀಸರ್, ಚಳಿಗೆಂದು ಬಾಗಿಲು ಹಾಕಿದ ಕೋಣೆಯಲ್ಲಿ ಇದ್ದಿಲಿನ ಶೆಗಡಿ ಎರಡೂ ಒಂದೇ ಅಪಾಯ. ತಲೆನೋವು, ತಲೆಸುತ್ತು ಬಂದ ಕೂಡಲೇ ಹೊರಗೆ ಬರಬೇಕು.

ರೊಟ್ಟಿ ಮಾರುವ ಮನೆಗಳು

ಹುಬ್ಬಳ್ಳಿ, ಧಾರವಾಡ, ಗದಗಿನ ಅನೇಕ ಮನೆಗಳು ಇಂದು ಕಡಕ್ ರೊಟ್ಟಿಯನ್ನು ಕೊಂಡು ತರುತ್ತವೆ. ಖಾನಾವಳಿಗಳಿಗೂ ರೊಟ್ಟಿ ಹೊರಗಿನಿಂದ ಬರುತ್ತದೆ. ಹಾಗೆ ಕೊಂಡವರ ಅಡುಗೆಮನೆಯಿಂದ ಹೋದ ಹೊಗೆ ರೊಟ್ಟಿ ಬಡಿದು ಮಾರುವ ಹೆಣ್ಣುಮಕ್ಕಳ ಮನೆಗೆ ಸೇರುತ್ತದೆ. ಗೃಹಬಳಕೆಯ ಸಿಲಿಂಡರನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ, 19 ಕೆ.ಜಿ.ಯ ವಾಣಿಜ್ಯ ಸಿಲಿಂಡರಿಗೆ ಸಬ್ಸಿಡಿ ಇಲ್ಲ, ರೊಟ್ಟಿಯೊಂದರ ಲಾಭ ಕೆಲವೇ ರೂಪಾಯಿ. ಹೀಗಾಗಿ ಕಟ್ಟಿಗೆಯೇ ಗತಿ. ಇಪ್ಪತ್ತೈದು ರೊಟ್ಟಿಯ ಒಂದು ಗಂಟೆ ಅವಳಿಗೆ ಇನ್ನೂರು ರೊಟ್ಟಿಯ ಏಳೆಂಟು ಗಂಟೆಯಾಗುತ್ತದೆ. ಅವಳ ಮನೆ ಕಾರ್ಖಾನೆಯಲ್ಲ, ಆದ್ದರಿಂದ ಕಾರ್ಖಾನೆ ನಿಯಮ ಅಲ್ಲಿಗೆ ಬರುವುದಿಲ್ಲ. ಅವಳ ಓಣಿಯಲ್ಲಿ ಮಾಪಕವಿಲ್ಲ. ಸಮೀಕ್ಷೆಯಲ್ಲಿ ಅವಳದು ಗ್ಯಾಸ್ ಇರುವ ಮನೆ.

ಇಲ್ಲಿಂದಲೇ ಕೆಲಸ ಶುರು ಮಾಡಲು ಹೊಸ ಕಾಯ್ದೆ ಬೇಡ. ರೊಟ್ಟಿ ಮಾಡುವ ಸ್ವಸಹಾಯ ಸಂಘಗಳ ಪಟ್ಟಿ ಸಂಜೀವಿನಿ ಯೋಜನೆಯಡಿ ಸಿಗುತ್ತದೆ. ಆ ಸಂಘಗಳಿಗೆ ಸಾಲದ ಜೊತೆಗೆ ಕೊಳವೆಯಿರುವ ಸಾಮೂಹಿಕ ರೊಟ್ಟಿಮನೆ, ರಿಯಾಯಿತಿ ದರದ ವಾಣಿಜ್ಯ ಸಿಲಿಂಡರ್, ವರ್ಷಕ್ಕೊಮ್ಮೆ ಉಸಿರಿನ ಸಾಮರ್ಥ್ಯ ಅಳೆಯುವ ಸ್ಪೈರೋಮೆಟ್ರಿ ಪರೀಕ್ಷೆ ಕೊಡಬಹುದು. ಆ ಪರೀಕ್ಷೆಗೆ ಹಿಡಿಯುವುದು ಹದಿನೈದು-ಇಪ್ಪತ್ತು ನಿಮಿಷ. ದೇಶದಲ್ಲಿ ಖಚಿತ ದತ್ತಾಂಶ ಇಲ್ಲ ಎನ್ನುವವರಿಗೆ ಬೇಕಾದ ದತ್ತಾಂಶದ ಒಂದು ಭಾಗವೂ ಆ ಪರೀಕ್ಷೆಯ ಚೀಟಿಗಳಲ್ಲೇ ಸಿಗುತ್ತದೆ.